ಕಸಿ ಕಿಡ್ನಿ ಚೆನ್ನಾಗಿದೆ, ವಿಟಮಿನ್ ಡಿ ಮಾತ್ರ 13

ಪ್ರಶ್ನೆ: ನನಗೆ 44 ವರ್ಷ, ಹಾಸನ ಜಿಲ್ಲೆಯವನು. ಎರಡು ವರ್ಷ ಡಯಾಲಿಸಿಸ್ ಆದ ಮೇಲೆ, ಮೂರು ವರ್ಷದ ಹಿಂದೆ ಅಮ್ಮ ಕೊಟ್ಟ ಕಿಡ್ನಿ ಕಸಿ ಮಾಡಿಸಿಕೊಂಡೆ. ಈಗ ಕ್ರಿಯೇಟಿನಿನ್ 1.3 ಇದೆ. ಕಿಡ್ನಿ ರಿಜೆಕ್ಟ್ ಆಗದಂತೆ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ 5 ಮಿಲಿಗ್ರಾಂ ತಗೊಳ್ಳುತ್ತಿದ್ದೇನೆ. ಕಳೆದ ತಿಂಗಳು ಒಂದು ಹೆಲ್ತ್ ಪ್ಯಾಕೇಜ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 13 ಎಂದು ಬಂತು. ನಮ್ಮ ಆಸ್ಪತ್ರೆಯ ಡಾಕ್ಟರು ವಾರಕ್ಕೊಂದು 60,000 ಯೂನಿಟ್‌ನ ಸ್ಯಾಶೆ, ಎಂಟು ವಾರ ತಗೊಳ್ಳಿ ಅಂದರು. ಊರಿನ ಮೆಡಿಕಲ್ ಶಾಪ್‌ನವರು "ಅದೆಲ್ಲ ಯಾಕೆ, 6 ಲಕ್ಷ ಯೂನಿಟ್‌ನ ಒಂದು ಇಂಜೆಕ್ಷನ್ ಸಾಕು" ಅನ್ನುತ್ತಾರೆ. ನಮ್ಮ ಭಾವ "ವಿಟಮಿನ್ ಡಿ ಇಮ್ಯುನಿಟಿ ಜಾಸ್ತಿ ಮಾಡುತ್ತೆ, ಕಿಡ್ನಿ ರಿಜೆಕ್ಟ್ ಆಗುತ್ತೆ" ಎಂದು ಹೆದರಿಸಿದ್ದಾರೆ. ಇನ್ನೊಬ್ಬರು, ವಿಟಮಿನ್ ಡಿ ಕಡಿಮೆ ಇದ್ದರೆ ಕಸಿ ಮಾಡಿದ ಕಿಡ್ನಿ ಬೇಗ ಹಾಳಾಗುತ್ತೆ ಅಂತ ಓದಿದ್ದಾರಂತೆ. ಡಯಾಲಿಸಿಸ್ ಸಮಯದಲ್ಲಿ ನನಗೆ ಕ್ಯಾಲ್ಸಿಟ್ರಿಯಾಲ್ ಕೊಡುತ್ತಿದ್ದರು, ಮನೆಯಲ್ಲಿ ಇನ್ನೂ ಒಂದಿಷ್ಟಿದೆ. ಅದನ್ನೇ ತಗೋಬಹುದಾ? ಬಿಸಿಲಿಗೆ ಹೋಗಬಹುದಾ? ನೆಲದ ಮೇಲೆ ಕೂತರೆ ಏಳುವುದು ಕಷ್ಟ, ಮಂಡಿ ನೋವಿದೆ. ರಾಗಿ ತಿನ್ನಬಹುದಾ? ಅಮ್ಮನಿಗೂ ಬೆನ್ನು ನೋವು, ಅವರೂ ನನ್ನ ಸ್ಯಾಶೆಯನ್ನೇ ಆಗಾಗ ತಗೊಳ್ಳುತ್ತಾರೆ.

ಉತ್ತರ: ಕ್ರಿಯೇಟಿನಿನ್ 1.3 ಅಂದರೆ ಅಮ್ಮ ಕೊಟ್ಟ ಕಿಡ್ನಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ವಿಟಮಿನ್ ಡಿ 13 ಕಡಿಮೆಯೇ, ಸರಿ ಮಾಡಿಕೊಳ್ಳಬೇಕು. ಆದರೆ ಅದಕ್ಕೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ತಿಂಗಳುಗಳಲ್ಲಿ ನಿಧಾನವಾಗಿ ಸರಿಹೋಗುವ ವಿಷಯ ಅದು. ನಿಮ್ಮ ಪತ್ರದಲ್ಲಿ ಈಗಲೇ ಹೇಳಬೇಕಾದ್ದು ಒಂದೇ. ಆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಇಷ್ಟೆಲ್ಲ ವಿವರ ಬರೆದಿದ್ದೀರಿ, ಆದರೆ ನನಗೆ ಬೇಕಾಗಿದ್ದ ಒಂದು ಲೆಕ್ಕ ಅದರಲ್ಲಿಲ್ಲ. ಕ್ಯಾಲ್ಷಿಯಂ ಎಷ್ಟಿದೆ? ಕಸಿ ಆದವರಿಗೆ ಯಾವ ವಿಟಮಿನ್ ಡಿ, ಎಷ್ಟು, ಎಷ್ಟು ದಿನ ಎಂದು ನಿರ್ಧರಿಸುವಾಗ ನಾವು ಮೊದಲು ನೋಡುವುದು ಅದನ್ನೇ. ಜೊತೆಗೆ ಫಾಸ್ಫರಸ್, ಪಿಟಿಎಚ್ ಅಂದರೆ ರಕ್ತದಲ್ಲಿ ಕ್ಯಾಲ್ಷಿಯಂ ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್. ಪ್ಯಾಕೇಜ್ ರಿಪೋರ್ಟಿನಲ್ಲಿ ವಿಟಮಿನ್ ಡಿ ಕೆಂಪಕ್ಷರದಲ್ಲಿ ಎದ್ದು ಕಾಣುತ್ತದೆ. ಕ್ಯಾಲ್ಷಿಯಂ ಎರಡನೇ ಪುಟದಲ್ಲಿ ಎಲ್ಲೋ ಇರುತ್ತದೆ. ಒಮ್ಮೆ ಹುಡುಕಿ ನೋಡಿ.

ಈಗ ಆ 13ರ ಕಥೆ. ಚರ್ಮಕ್ಕೆ ಬಿಸಿಲು ಬಿದ್ದಾಗ ತಯಾರಾಗುವ ಅಥವಾ ಮಾತ್ರೆಯಿಂದ ಸಿಗುವ ವಿಟಮಿನ್ ಡಿ ಹಾಗೇ ಕೆಲಸಕ್ಕೆ ಬರುವುದಿಲ್ಲ. ಅದನ್ನು ಭತ್ತ ಅಂದುಕೊಳ್ಳಿ. ಲಿವರ್ ಅದನ್ನು ಅಕ್ಕಿ ಮಾಡುತ್ತದೆ. ಕಿಡ್ನಿ ಆ ಅಕ್ಕಿಯನ್ನು ಅನ್ನ ಮಾಡುತ್ತದೆ. ಕರುಳಿನಿಂದ ಕ್ಯಾಲ್ಷಿಯಂ ಹೀರಿಕೊಳ್ಳುವುದು, ಮೂಳೆ ಗಟ್ಟಿಯಾಗಿಡುವುದು, ಪಿಟಿಎಚ್ ಹತೋಟಿಯಲ್ಲಿಡುವುದು, ಎಲ್ಲ ಆ ಅನ್ನದ ಕೆಲಸ. ಅದೇ ಕ್ಯಾಲ್ಸಿಟ್ರಿಯಾಲ್. ಈ ಕೊನೆಯ ಹಂತ ನಡೆಯುವುದು ಕಿಡ್ನಿಯಲ್ಲಿ ಎಂದು ಫ್ರೇಸರ್ ಮತ್ತು ಕೊಡಿಚೆಕ್ ಎಂಬ ಇಬ್ಬರು ಕೇಂಬ್ರಿಜ್‌ನಲ್ಲಿ 1970ರಲ್ಲಿ ತೋರಿಸಿದರು. ಕಿಡ್ನಿ ಕೆಟ್ಟವರಿಗೆ ಮೂಳೆ ಯಾಕೆ ಸವೆಯುತ್ತದೆ ಅನ್ನುವುದಕ್ಕೆ ಆಗ ಸರಿಯಾದ ಉತ್ತರ ಸಿಕ್ಕಿತು.

ಲ್ಯಾಬಿನವರು ಅಳೆದಿದ್ದು ಅಕ್ಕಿಯ ದಾಸ್ತಾನನ್ನು. ಅದರ ಹೆಸರು 25-ಹೈಡ್ರಾಕ್ಸಿ ವಿಟಮಿನ್ ಡಿ. ಡಯಾಲಿಸಿಸ್ ಕಾಲದಲ್ಲಿ ನಿಮ್ಮ ಕಿಡ್ನಿಗೆ ಅನ್ನ ಮಾಡುವ ಶಕ್ತಿಯೇ ಇರಲಿಲ್ಲ. ಅದಕ್ಕೆ ಡಾಕ್ಟರು ನೇರವಾಗಿ ಅನ್ನವನ್ನೇ, ಅಂದರೆ ಕ್ಯಾಲ್ಸಿಟ್ರಿಯಾಲ್ ಕ್ಯಾಪ್ಸೂಲನ್ನೇ ಕೊಟ್ಟರು. ಈಗ ಅಡುಗೆ ಮಾಡಲು ಹೊಸ ಕಿಡ್ನಿ ಇದೆ, ಕಡಿಮೆ ಇರುವುದು ದಾಸ್ತಾನು. ಹಾಗಾಗಿ ಈಗ ಸ್ಯಾಶೆ ಕೊಟ್ಟಿದ್ದಾರೆ. ಮನೆಯಲ್ಲಿ ಉಳಿದ ಹಳೆಯ ಕ್ಯಾಲ್ಸಿಟ್ರಿಯಾಲ್ ನಿಮ್ಮ 13ನ್ನು ಮೇಲಕ್ಕೆ ತರುವುದಿಲ್ಲ. ಎರಡನ್ನೂ ಒಟ್ಟಿಗೆ ತಗೊಂಡರೆ ಕ್ಯಾಲ್ಷಿಯಂ ಏರುವ ಅಪಾಯ ಬೇರೆ. ಅದನ್ನು ತೆಗೆದು ಪಕ್ಕಕ್ಕಿಡಿ.

ಕಸಿ ಚೆನ್ನಾಗಿದ್ದರೂ ದಾಸ್ತಾನು ಯಾಕೆ ಕಡಿಮೆಯಾಗುತ್ತದೆ? ಒಂದೇ ಕಾರಣ ಇರುವುದಿಲ್ಲ. ಡಯಾಲಿಸಿಸ್ ವರ್ಷಗಳಲ್ಲಿ ಮನೆ, ಆಸ್ಪತ್ರೆ, ಮನೆ ಅಷ್ಟೇ ಓಡಾಟ. ಪಥ್ಯ ಬೇರೆ. ಕಸಿ ಆಗುವ ಹೊತ್ತಿಗೇ ಬಹಳ ಜನರ ದಾಸ್ತಾನು ಖಾಲಿಯಾಗಿರುತ್ತದೆ. ಆಮೇಲೆ ಇನ್ಫೆಕ್ಷನ್ ಭಯಕ್ಕೆ ಮೊದಲ ಹಲವು ತಿಂಗಳು ಒಳಗೇ ಇರುತ್ತಾರೆ. ನೀವು ತಗೊಳ್ಳುವ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಕೂಡ ವಿಟಮಿನ್ ಡಿ ಬೇಗ ಕರಗುವಂತೆ ಮಾಡುತ್ತದೆ. ಕಿಡ್ನಿ ಕೆಟ್ಟಿದ್ದಾಗ ಮೂಳೆಯಿಂದ ಎಫ್‌ಜಿಎಫ್-23 ಎಂಬ ಹಾರ್ಮೋನು ವಿಪರೀತ ಏರಿರುತ್ತದೆ. ಕಸಿಯ ಮೇಲೂ ಕೆಲವು ಕಾಲ ಅದು ಇಳಿಯುವುದಿಲ್ಲ, ಕ್ಯಾಲ್ಸಿಟ್ರಿಯಾಲ್ ತಯಾರಾಗುವುದನ್ನು ತಡೆಯುತ್ತಲೇ ಇರುತ್ತದೆ, ದಾಸ್ತಾನನ್ನೂ ಬೇಗ ಕರಗಿಸುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅದರ ಜೊತೆ ವಿಟಮಿನ್ ಡಿಯೂ ಹೋಗುತ್ತದೆ. ತೂಕ ಜಾಸ್ತಿ ಆದವರಲ್ಲಿ ಕೊಬ್ಬಿನೊಳಗೆ ಸೇರಿಕೊಂಡು ರಕ್ತದಲ್ಲಿ ಕಡಿಮೆ ಕಾಣುತ್ತದೆ. ಕಸಿಯ ನಂತರ ಬಾಯಿರುಚಿ ಬಂದು ಎಂಟು ಹತ್ತು ಕೆ.ಜಿ. ಏರುವುದು ನಮ್ಮಲ್ಲಿ ಮಾಮೂಲು, ಅಲ್ವಾ?

ಇಷ್ಟಕ್ಕೂ ಕಿಡ್ನಿ ತೊಂದರೆ ಏನೂ ಇಲ್ಲದವರನ್ನು ಪರೀಕ್ಷಿಸಿದರೂ ಕರ್ನಾಟಕದಲ್ಲಿ ಬಹಳ ಜನರಿಗೆ ಕಡಿಮೆಯೇ ಬರುತ್ತದೆ. ಹಾಗಾಗಿ 13 ನೋಡಿ ಕಸಿ ಕೆಡುತ್ತಿದೆ ಅಂದುಕೊಳ್ಳಬೇಡಿ.

ಎಷ್ಟಿರಬೇಕು ಅನ್ನುವುದರಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. ಮೂಳೆಯ ಮಟ್ಟಿಗೆ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಸಾಕು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿತ್ತು. 2011ರಲ್ಲಿ ಅಲ್ಲಿಯ ಎಂಡೋಕ್ರೈನ್ ಸೊಸೈಟಿ 30 ಬೇಕು ಅಂದಿತು. 2024ರ ಹೊಸ ಮಾರ್ಗಸೂಚಿಯಲ್ಲಿ ಆ 30ರ ಗೆರೆಯನ್ನು ಅವರೇ ಕೈಬಿಟ್ಟರು. ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಇನ್ನೂ ಹಳೆಯ 30 ಇದೆ, ಹಾಗಾಗಿ 27 ಬಂದವರೂ ಗಾಬರಿಯಾಗಿ ಓಡಿ ಬರುತ್ತಾರೆ. ನಾನು ಕಸಿ ಆದವರಲ್ಲಿ 20ರ ಮೇಲೆ, ಆದಷ್ಟೂ 30ರ ಆಸುಪಾಸು ಇರಲಿ ಎಂದು ನೋಡುತ್ತೇನೆ. 60, 70ಕ್ಕೆ ಏರಿಸುವ ಆಸೆ ನನಗಿಲ್ಲ. ನಿಮ್ಮ 13 ಯಾರ ಲೆಕ್ಕದಲ್ಲೂ ಕಡಿಮೆಯೇ, ಆದ್ದರಿಂದ ಈ ಜಗಳ ನಿಮಗೆ ಬೇಡ.

ರಿಪೋರ್ಟ್ ಓದುವಾಗ ಅಳತೆಯ ಘಟಕ ನೋಡಿ. ಕೆಲವು ದೇಶಗಳ ಲ್ಯಾಬುಗಳು ನ್ಯಾನೋಮೋಲ್‌ನಲ್ಲಿ ಕೊಡುತ್ತವೆ. ಅದನ್ನು ಎರಡೂವರೆಯಿಂದ ಭಾಗಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಕಸಿಯ ನಂತರ ಕೆಲಸಕ್ಕೆಂದು ವಿದೇಶಕ್ಕೆ ಮರಳಿದವರು "ಸಾರ್, 40ಕ್ಕೆ ಬಂತು" ಎಂದು ಖುಷಿಯಲ್ಲಿ ಮೆಸೇಜ್ ಹಾಕಿದ್ದುಂಟು. ಅದು ನಮ್ಮ ಲೆಕ್ಕದಲ್ಲಿ 16. ಇನ್ನೊಂದು, ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಲ್ಯಾಬಿಗೆ ಹೇಳಿ. ಕೆಲವು ಯಂತ್ರಗಳಲ್ಲಿ ಅದು ವಿಟಮಿನ್ ಡಿಯನ್ನೂ ಪಿಟಿಎಚ್ ಅನ್ನೂ ತಪ್ಪಾಗಿ ತೋರಿಸುತ್ತದೆ.

ಈಗ ನಿಮ್ಮ ಭಾವನ ಮಾತು. ಅವರ ಭಯಕ್ಕೆ ಅರ್ಥ ಇದೆ. ಕಸಿ ಆದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧದ ಮೇಲೆ ಬದುಕುತ್ತಾರೆ. ವಿಟಮಿನ್ ಡಿಯನ್ನು ಜಾಹೀರಾತುಗಳಲ್ಲಿ 'ಇಮ್ಯುನಿಟಿ ಬೂಸ್ಟರ್' ಎಂದು ಮಾರುತ್ತಾರೆ. ಎರಡನ್ನೂ ಸೇರಿಸಿದರೆ ಯಾರಿಗಾದರೂ ಅನುಮಾನ ಬರುತ್ತದೆ. ವಾಸ್ತವದಲ್ಲಿ ವಿಟಮಿನ್ ಡಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವುದಿಲ್ಲ. ಕೆಲವು ಕಡೆ ಅದನ್ನು ತಣ್ಣಗಾಗಿಸುವ ಗುಣವೂ ಅದಕ್ಕಿದೆ. ಸರಿಯಾದ ಪ್ರಮಾಣದಲ್ಲಿ ತಗೊಂಡಿದ್ದಕ್ಕೆ ಕಿಡ್ನಿ ರಿಜೆಕ್ಟ್ ಆಯಿತು ಅನ್ನುವುದಕ್ಕೆ ಆಧಾರ ಇಲ್ಲ. ಭಾವ ಹೆದರಬೇಕಾದ್ದು ಬೇರೆ ವಸ್ತುಗಳಿಗೆ. ಅಮೃತಬಳ್ಳಿ ಕಷಾಯ, ಅಶ್ವಗಂಧ, ಹೆಸರಿಲ್ಲದ ಡಬ್ಬಿಯ 'ಇಮ್ಯುನಿಟಿ' ಪುಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ವರದಿಗಳು ಮುಂಬೈಯಿಂದ ಬಂದವು. ಅವನ್ನು ಮನೆಯಿಂದ ದೂರ ಇಟ್ಟರೆ ನಿಮಗೆ ನಿಜವಾದ ಉಪಕಾರ.

ಇನ್ನೊಬ್ಬರು ಓದಿದ್ದೂ ಪೂರ್ತಿ ಸುಳ್ಳಲ್ಲ. ವಿಟಮಿನ್ ಡಿ ಕಡಿಮೆ ಇರುವ ಕಸಿ ರೋಗಿಗಳಲ್ಲಿ ಕಿಡ್ನಿಯ ಕೆಲಸ ಬೇಗ ಕುಗ್ಗುವುದು, ಹೃದಯದ ತೊಂದರೆ, ಸಾವು ಕೂಡ ಸ್ವಲ್ಪ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಯಾವುದು ಯಾವುದಕ್ಕೆ ಕಾರಣ? ಕಾಯಿಲೆ ಜಾಸ್ತಿ ಇರುವವನು ಹೊರಗೆ ಓಡಾಡುವುದಿಲ್ಲ, ಸರಿಯಾಗಿ ತಿನ್ನುವುದಿಲ್ಲ, ಮೂತ್ರದಲ್ಲಿ ಪ್ರೋಟೀನ್ ಕಳೆದುಕೊಳ್ಳುತ್ತಾನೆ. ಅವನ ವಿಟಮಿನ್ ಡಿ ಕಡಿಮೆ ಇರುವುದೇ ಸಹಜ. ಹಾಗಾದರೆ ವಿಟಮಿನ್ ಕೊಟ್ಟುಬಿಟ್ಟರೆ ಕಾಯಿಲೆ ನಿಲ್ಲುತ್ತದಾ? ಇದನ್ನೇ ಫ್ರಾನ್ಸ್‌ನ ವೈದ್ಯರು ವಿಟಾಲ್ ಎಂಬ ಪ್ರಯೋಗದಲ್ಲಿ ಪರೀಕ್ಷೆ ಮಾಡಿದರು. ಕಸಿಯಾಗಿ ಒಂದರಿಂದ ನಾಲ್ಕು ವರ್ಷದೊಳಗಿದ್ದ 536 ಜನ. ಎಲ್ಲರಿಗೂ ವಿಟಮಿನ್ ಡಿ 30ಕ್ಕಿಂತ ಕಡಿಮೆ. ಅರ್ಧ ಜನಕ್ಕೆ ಪ್ರತಿ ಸಲ 1 ಲಕ್ಷ ಯೂನಿಟ್, ಇನ್ನರ್ಧ ಜನಕ್ಕೆ 12,000 ಯೂನಿಟ್. ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಒಟ್ಟು ಎರಡು ವರ್ಷ. 2023ರಲ್ಲಿ ಫಲಿತಾಂಶ ಬಂತು. ಹೊಸದಾಗಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕ್ಯಾನ್ಸರ್, ಸಾವು, ಇವನ್ನು ಸೇರಿಸಿ ನೋಡಿದಾಗ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಮೂಳೆ ಮುರಿತ ಮಾತ್ರ ದೊಡ್ಡ ಪ್ರಮಾಣ ತಗೊಂಡವರಲ್ಲಿ ಕಡಿಮೆ ಇತ್ತು. ಅವರಲ್ಲಿ 100ಕ್ಕೆ 1, ಇನ್ನೊಂದು ಗುಂಪಿನಲ್ಲಿ 100ಕ್ಕೆ 4.

ಕಸಿ ಆಗದ ಸಾಮಾನ್ಯ ಜನರಲ್ಲೂ ಹೀಗೇ ಆಗಿದೆ. ಅಮೆರಿಕದಲ್ಲಿ 25,871 ಜನರನ್ನು ಸೇರಿಸಿ ನಡೆಸಿದ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ಕೊಟ್ಟರೂ ಕ್ಯಾನ್ಸರ್, ಹೃದಯಾಘಾತ ಕಡಿಮೆಯಾಗಲಿಲ್ಲ.

ಹಾಗಾಗಿ ನಾನು ರೋಗಿಗಳಿಗೆ ಹೇಳುವುದು ಇಷ್ಟು. ವಿಟಮಿನ್ ಡಿಯನ್ನು ಮೂಳೆಗಾಗಿ, ಮಾಂಸಖಂಡಕ್ಕಾಗಿ ಸರಿ ಮಾಡಿಕೊಳ್ಳಿ. ಕಿಡ್ನಿ ಹೆಚ್ಚು ವರ್ಷ ಬಾಳಲಿ ಎಂದರೆ ಟ್ಯಾಕ್ರೋಲಿಮಸ್ ಹೊತ್ತಿಗೆ ಸರಿಯಾಗಿ ತಗೊಳ್ಳಿ, ಬಿಪಿ ಸಕ್ಕರೆ ಹತೋಟಿಯಲ್ಲಿಡಿ, ನೋವಿನ ಮಾತ್ರೆ ಮುಟ್ಟಬೇಡಿ. ಅದರ ಜಾಗಕ್ಕೆ ಯಾವ ಸ್ಯಾಶೆಯೂ ಬರುವುದಿಲ್ಲ.

ಈಗ ಆ 6 ಲಕ್ಷದ ಇಂಜೆಕ್ಷನ್. ಒಂದೇ ಏಟಿಗೆ ಅಷ್ಟು ಕೊಟ್ಟರೆ ವಾಪಸ್ ತೆಗೆಯಲು ದಾರಿ ಇಲ್ಲ. ವಿಟಮಿನ್ ಡಿ ಕೊಬ್ಬಿನಲ್ಲಿ ಕೂರುತ್ತದೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಯುವುದಿಲ್ಲ. ಸೂಜಿಯಲ್ಲಿ ಕೊಟ್ಟದ್ದು ಎಷ್ಟು ಬೇಗ ರಕ್ತಕ್ಕೆ ಸೇರುತ್ತದೆ ಅನ್ನುವುದೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಂದು ತಿಂಗಳ ನಂತರವೂ ಏರಿಲ್ಲ ಎಂದು ಇನ್ನೊಂದು ಹಾಕಿಸಿಕೊಳ್ಳುವವರಿದ್ದಾರೆ. ಅಪಾಯ ಅಲ್ಲೇ. ಒಂದೇ ಸಲಕ್ಕೆ ಇಷ್ಟು ದೊಡ್ಡ ಪ್ರಮಾಣ ಮೂಳೆಗೂ ಒಳ್ಳೆಯದಲ್ಲ ಅನ್ನುವುದಕ್ಕೆ ಆಸ್ಟ್ರೇಲಿಯಾದ ಒಂದು ಪ್ರಯೋಗ ಇದೆ. 70 ದಾಟಿದ 2,256 ಹೆಂಗಸರಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಮ್ಮೆ ಬಾಯಿಯ ಮೂಲಕ 5 ಲಕ್ಷ ಯೂನಿಟ್ ಕೊಟ್ಟರು. ಅದನ್ನು ತಗೊಂಡವರೇ ಜಾಸ್ತಿ ಬಿದ್ದರು, ಅವರ ಮೂಳೆಯೇ ಜಾಸ್ತಿ ಮುರಿಯಿತು. 2010ರಲ್ಲಿ ಪ್ರಕಟವಾದ ಈ ಫಲಿತಾಂಶ ನೋಡಿದ ಮೇಲೆ ವರ್ಷದ ಕೋಟಾವನ್ನು ಒಂದೇ ಸಲ ಕೊಡುವ ಮನಸ್ಸು ಯಾರಿಗೂ ಬರಬಾರದು.

ಸ್ಯಾಶೆಯಲ್ಲೂ ಎಡವುವವರಿದ್ದಾರೆ. ನನ್ನ ಬಳಿ ಬರುತ್ತಿದ್ದ ಒಬ್ಬರು, ಕಸಿಯಾಗಿ ನಾಲ್ಕನೇ ವರ್ಷ, ಕ್ರಿಯೇಟಿನಿನ್ 1.2 ಇದ್ದದ್ದು 2.3 ಆಗಿ ಬಂದರು. ಮಲಬದ್ಧತೆ, ವಾಕರಿಕೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು. ರಿಜೆಕ್ಷನ್ ಎಂದು ಮನೆಯವರೆಲ್ಲ ಕಣ್ಣೀರು. ಬಯಾಪ್ಸಿಗೆ ಬರೆಯುವ ಮೊದಲು ಔಷಧದ ಕವರ್ ಕೊಡಿ ಅಂದೆ. ಹೆಂಡತಿ ಮೇಜಿನ ಮೇಲೆ ಸುರಿದರು. ಟ್ಯಾಕ್ರೋ ಸ್ಟ್ರಿಪ್ಪುಗಳ ನಡುವೆ ಹರಿದ ಖಾಲಿ ಸ್ಯಾಶೆಗಳ ರಾಶಿ. ಚೀಟಿಯಲ್ಲಿ 'ವಾರಕ್ಕೊಮ್ಮೆ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇವರು ದಿನಾ ಬೆಳಗ್ಗೆ ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದರು. ಕ್ಯಾಲ್ಷಿಯಂ 13 ದಾಟಿತ್ತು. ಡ್ರಿಪ್ ಹಾಕಿ, ಸ್ಯಾಶೆ ನಿಲ್ಲಿಸಿ, ಕ್ಯಾಲ್ಷಿಯಂ ಮಾತ್ರೆಯನ್ನೂ ನಿಲ್ಲಿಸಿದ ಮೇಲೆ ಕ್ರಿಯೇಟಿನಿನ್ ನಿಧಾನಕ್ಕೆ ಇಳಿಯಿತು. ಬಯಾಪ್ಸಿ ಬೇಕಾಗಲಿಲ್ಲ.

ಕ್ಯಾಲ್ಷಿಯಂ ಏರಿದಾಗ ಆಗುವುದೇ ಹೀಗೆ. ಕಿಡ್ನಿಗೆ ಹೋಗುವ ರಕ್ತನಾಳ ಬಿಗಿಯಾಗುತ್ತದೆ, ಮೂತ್ರ ಜಾಸ್ತಿ ಹೋಗಿ ಮೈಯಲ್ಲಿ ನೀರು ಕಡಿಮೆಯಾಗುತ್ತದೆ, ಕ್ರಿಯೇಟಿನಿನ್ ಏರುತ್ತದೆ. ತುಂಬಾ ದಿನ ಹಾಗೇ ಬಿಟ್ಟರೆ ಕಿಡ್ನಿಯೊಳಗೆ ಕ್ಯಾಲ್ಷಿಯಂ ಕೂತು ಹಾನಿ ಮಾಡಬಹುದು. ಒಂದೇ ಕಿಡ್ನಿಯ ಮೇಲೆ ಇರುವವರಿಗೆ ಇದು ಆಟವಲ್ಲ.

ಹಾಗಾದರೆ ನಿಮಗೇನು ದಾರಿ? ಕ್ಯಾಲ್ಷಿಯಂ 8.5ರಿಂದ 10.5ರೊಳಗೆ ಇದ್ದರೆ ನಿಮ್ಮ ಡಾಕ್ಟರು ಹೇಳಿದ 60,000 ಯೂನಿಟ್‌ನ ಸ್ಯಾಶೆ, ವಾರಕ್ಕೊಂದು, ಎಂಟು ವಾರ, ಒಳ್ಳೆಯ ದಾರಿ. ಸೋಮವಾರವೋ ಶನಿವಾರವೋ ಒಂದು ದಿನ ಗೊತ್ತುಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಊಟದ ಜೊತೆ ತಗೊಂಡರೆ ಚೆನ್ನಾಗಿ ಸೇರುತ್ತದೆ, ಜಿಡ್ಡಿನಲ್ಲಿ ಕರಗುವ ವಿಟಮಿನ್ ಅದು. ಎಂಟು ವಾರ ಮುಗಿದ ಮೇಲೆ ಸುಮ್ನೆ ಮುಂದುವರಿಸಬೇಡಿ. ಮೂರು ತಿಂಗಳಿಗೆ ವಿಟಮಿನ್ ಡಿ, ಕ್ಯಾಲ್ಷಿಯಂ, ಪಿಟಿಎಚ್ ಮತ್ತೆ ನೋಡಿಸಿ. ಆಮೇಲೆ ತಿಂಗಳಿಗೊಂದು ಸ್ಯಾಶೆ ಅಥವಾ ದಿನಕ್ಕೆ 1,000-2,000 ಯೂನಿಟ್‌ನ ಮಾತ್ರೆ ಎಂದು ಅವರು ಹೇಳಬಹುದು. ನನಗೆ ಎರಡನೆಯದೇ ಇಷ್ಟ. ದಿನದ ಸಣ್ಣ ಮಾತ್ರೆ ಮರೆತರೂ ಜಾಸ್ತಿ ನಷ್ಟ ಇಲ್ಲ, ಎರಡು ಸಲ ತಗೊಂಡರೂ ಜಾಸ್ತಿ ಅಪಾಯ ಇಲ್ಲ. ಹೇಗೂ ದಿನಾ ಡಬ್ಬಿ ತೆರೆದು ಮಾತ್ರೆ ತಗೊಳ್ಳುವ ಅಭ್ಯಾಸ ನಿಮಗಿದೆ. ಅದು ಬಿಟ್ಟು ಪ್ರತಿ ತಿಂಗಳು ವಿಟಮಿನ್ ಡಿ ಪರೀಕ್ಷೆಗೆ ದುಡ್ಡು ಸುರಿಯಬೇಡಿ.

ಕ್ಯಾಲ್ಷಿಯಂ 10.5ಕ್ಕಿಂತ ಜಾಸ್ತಿ ಇದ್ದರೆ ಕಥೆ ಬೇರೆ. ಡಯಾಲಿಸಿಸ್ ಕಾಲದಲ್ಲಿ ದಪ್ಪಗಾದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಸಿಯ ನಂತರವೂ ಸುಮ್ಮನಾಗದೆ ಪಿಟಿಎಚ್ ಸುರಿಸುತ್ತಿರಬಹುದು. ಮೊದಲ ವರ್ಷ ಕಾದು ನೋಡುತ್ತೇವೆ. ನಿಮ್ಮದು ಮೂರನೇ ವರ್ಷ, ಈಗಲೂ ಕ್ಯಾಲ್ಷಿಯಂ, ಪಿಟಿಎಚ್ ಎರಡೂ ಮೇಲಿದ್ದರೆ ಪಿಟಿಎಚ್ ಇಳಿಸುವ ಸಿನಕ್ಯಾಲ್ಸೆಟ್ ಮಾತ್ರೆ ಅಥವಾ ಆ ಗ್ರಂಥಿಗಳ ಆಪರೇಷನ್ ಬಗ್ಗೆ ಮಾತಾಡಬೇಕು. ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯುವಂತಿಲ್ಲ, ಅದು ಟಿಬಿ. ಟಿಬಿಯ ಗಂಟುಗಳು ಕಿಡ್ನಿಯ ಅಪ್ಪಣೆ ಕೇಳದೆ ತಾವೇ ಕ್ಯಾಲ್ಸಿಟ್ರಿಯಾಲ್ ಮಾಡುತ್ತವೆ. ಕಸಿ ಆದವರಲ್ಲಿ ಸಣ್ಣ ಜ್ವರ, ತೂಕ ಇಳಿಯುವುದು, ಜೊತೆಗೆ ಕ್ಯಾಲ್ಷಿಯಂ ಜಾಸ್ತಿ ಕಂಡರೆ ನಾನು ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತೇನೆ. ಅಂಥವರಿಗೆ ವಿಟಮಿನ್ ಡಿ ಕೊಟ್ಟರೆ ಬೆಂಕಿಗೆ ತುಪ್ಪ. ಬಿಪಿಗೆ ಥಯಝೈಡ್ ಗುಂಪಿನ ಮೂತ್ರದ ಮಾತ್ರೆ ಇದ್ದರೆ ಅದನ್ನೂ ಡಾಕ್ಟರಿಗೆ ನೆನಪಿಸಿ, ಅದು ಕ್ಯಾಲ್ಷಿಯಂ ಏರಿಸುತ್ತದೆ.

ಮಂಡಿ ನೋವು, ಏಳಲು ಕಷ್ಟ. ಇದನ್ನೆಲ್ಲ ವಿಟಮಿನ್ ಡಿ ತಲೆಗೆ ಕಟ್ಟಬೇಡಿ. ತೊಡೆಯ ಮಾಂಸಖಂಡ ಸೋತು ನೆಲದಿಂದ ಏಳಲು ಕೈ ಊರಬೇಕಾಗುವುದು ವಿಟಮಿನ್ ಡಿ ಕೊರತೆಯಲ್ಲೂ ಆಗುತ್ತದೆ, ಸ್ಟೀರಾಯ್ಡ್‌ನಿಂದಲೂ ಆಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆಯಿಂದಲೂ ಆಗಬಹುದು. ಮಂಡಿ ಊದಿ ಕೆಂಪಾಗಿದ್ದರೆ ಯೂರಿಕ್ ಆಸಿಡ್ ನೋಡಬೇಕು. ನೋವು ತೊಡೆಸಂದಿಯಲ್ಲಿದ್ದು, ಚಕ್ಕಂಬಕ್ಕಲ ಹಾಕಲು ಆಗದಿದ್ದರೆ ತಡಮಾಡದೆ ಎಂಆರ್‌ಐ ಮಾಡಿಸಿ. ಸ್ಟೀರಾಯ್ಡ್‌ನಿಂದ ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗದೆ ಸವೆಯುವ ತೊಂದರೆ ಇದೆ, ಬೇಗ ಗೊತ್ತಾದಷ್ಟೂ ಒಳ್ಳೆಯದು. ಅದರ ನೋವು ಎಷ್ಟೋ ಸಲ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಈವರೆಗೆ ಮಾಡಿಸಿರದಿದ್ದರೆ ಈಗ ಕೇಳಿ. ಮೂಳೆ ಹೆಚ್ಚು ಸವೆಯುವುದು ಕಸಿಯ ಮೊದಲ ವರ್ಷ, ಸ್ಟೀರಾಯ್ಡ್ ಜಾಸ್ತಿ ಇದ್ದಾಗ. ಆಗ ಆದ ನಷ್ಟ ಎಷ್ಟು ಎಂದು ತಿಳಿಯುತ್ತದೆ. ಸಾಂದ್ರತೆ ತುಂಬಾ ಕಡಿಮೆ ಬಂದು ಮೂಳೆ ಸವೆತ ತಡೆಯುವ ಡೆನೊಸುಮ್ಯಾಬ್ ಇಂಜೆಕ್ಷನ್ ಮಾತು ಬಂದರೆ, ವಿಟಮಿನ್ ಡಿ ಸರಿಯಾಗುವವರೆಗೆ ಕಾಯಲೇಬೇಕು. ಇಲ್ಲದಿದ್ದರೆ ಕ್ಯಾಲ್ಷಿಯಂ ಧಡಕ್ಕನೆ ಇಳಿಯುತ್ತದೆ. ಶುರು ಮಾಡಿದ ಮೇಲೆ ಡಾಕ್ಟರನ್ನು ಕೇಳದೆ ನಿಲ್ಲಿಸುವಂತೆಯೂ ಇಲ್ಲ.

ಏನೇ ನೋವಿರಲಿ, ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡ. ಮೆಡಿಕಲ್ ಶಾಪ್‌ನವರು ಕೊಡುವ 'ಮಂಡಿ ನೋವಿನ ಸೆಟ್'ನಲ್ಲಿ ಇವು ಇರುತ್ತವೆ.

ಬಿಸಿಲಿನ ವಿಷಯಕ್ಕೆ ಬರೋಣ. ಯೂರೋಪ್, ಆಸ್ಟ್ರೇಲಿಯಾದಲ್ಲಿ ಕಸಿ ಆದವರಿಗೆ ಚರ್ಮದ ಕ್ಯಾನ್ಸರ್ ದೊಡ್ಡ ಸಮಸ್ಯೆ. ಅಲ್ಲಿಯ ಡಾಕ್ಟರುಗಳು ಬಿಸಿಲಿಗೆ ಹೋಗಲೇಬೇಡಿ ಅನ್ನುವುದು ಸರಿಯೇ. ನಮ್ಮ ಮೈಬಣ್ಣಕ್ಕೆ ಆ ಅಪಾಯ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಅಜಥಯೋಪ್ರಿನ್ ಎಂಬ ಕಸಿಯ ಔಷಧ ತಗೊಳ್ಳುವವರು ಇನ್ನೂ ಎಚ್ಚರ ಇರಬೇಕು. ಹಾಗಾಗಿ ಮಧ್ಯದ ದಾರಿ ಹಿಡಿಯೋಣ. ವಾರದಲ್ಲಿ ಮೂರು ನಾಲ್ಕು ದಿನ, ಕೈಕಾಲಿಗೆ ಹದಿನೈದು ಇಪ್ಪತ್ತು ನಿಮಿಷ ಬಿಸಿಲು ಬೀಳಲಿ, ಮುಖ ಕತ್ತಿಗೆ ಟೋಪಿಯ ನೆರಳಿರಲಿ. ಅದಕ್ಕಿಂತ ಹೆಚ್ಚು ಹೊತ್ತು ತೋಟದಲ್ಲಿ ಕೆಲಸ ಇದ್ದರೆ ತುಂಬು ತೋಳಿನ ಅಂಗಿ ಹಾಕಿ. ಚರ್ಮದ ಮೇಲೆ ವಾಸಿಯಾಗದ ಹುಣ್ಣು, ಬೆಳೆಯುವ ಗಂಟು ಕಂಡರೆ ತೋರಿಸಿ.

ಎಳೆಬಿಸಿಲಲ್ಲಿ ವಿಟಮಿನ್ ಡಿ ಜಾಸ್ತಿ ಅನ್ನುವುದು ನಮ್ಮಲ್ಲಿ ಬಲವಾಗಿ ಬೇರೂರಿದ ನಂಬಿಕೆ. ರಥಸಪ್ತಮಿಯ ಬೆಳಗಿನ ಸೂರ್ಯ ನಮಸ್ಕಾರ ಮೈಗೆ ಮನಸ್ಸಿಗೆ ಒಳ್ಳೆಯದೇ. ಆದರೆ ವಿಟಮಿನ್ ಡಿ ಮಾಡಿಸುವ ಯುವಿ-ಬಿ ಕಿರಣ ಆ ಹೊತ್ತಿಗೆ ನೆಲ ಮುಟ್ಟುವುದೇ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗುವ ಹೊತ್ತೇ ಸರಿಯಾದ ಹೊತ್ತು, ಹೆಚ್ಚುಕಡಿಮೆ ಹತ್ತೂವರೆಯಿಂದ ಎರಡೂವರೆ. ಕಿಟಕಿ ಗಾಜಿನ ಹಿಂದೆ ಕೂತರೆ ಸೆಕೆಯಾಗುತ್ತದೆ ಅಷ್ಟೇ, ಗಾಜು ಆ ಕಿರಣವನ್ನು ಬಿಡುವುದಿಲ್ಲ. ಇಷ್ಟು ಮಾಡಿದರೂ 13ರಲ್ಲಿ ಇರುವವರಿಗೆ ಬಿಸಿಲೊಂದೇ ಸಾಕಾಗುವುದಿಲ್ಲ.

ಊಟದಿಂದ ಸಿಗುವುದೂ ಅಷ್ಟಕ್ಕಷ್ಟೆ. ಬೂತಾಯಿ, ಬಂಗುಡೆ ಮೀನು, ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ ಇದೆ. ಪ್ಯಾಕೆಟ್ಟಿನ ಮೇಲೆ 'ಪ್ಲಸ್ ಎಫ್' ಗುರುತಿರುವ ಹಾಲಿನಲ್ಲಿ ಬೆರೆಸಿರುತ್ತಾರೆ, ಲೀಟರಿಗೆ ಕೆಲವು ನೂರು ಯೂನಿಟ್ ಮಾತ್ರ. ಕ್ಯಾಲ್ಷಿಯಂ ಮಾತ್ರ ಊಟದಲ್ಲೇ ಧಾರಾಳವಾಗಿ ಸಿಗುತ್ತದೆ. ರಾಗಿ ಧಾರಾಳವಾಗಿ ತಿನ್ನಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಷಿಯಂ ಇದೆ. ಡಯಾಲಿಸಿಸ್‌ನಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಕಾರಣಕ್ಕೆ ಬೇಡ ಅಂದಿದ್ದರು. ಆ ನಿಷೇಧವನ್ನು ಯಾರೂ ತೆಗೆದುಹಾಕದೆ, ಕಸಿಯಾಗಿ ವರ್ಷಗಳಾದರೂ ಮುದ್ದೆ ಮುಟ್ಟದವರನ್ನು ನೋಡಿದ್ದೇನೆ, ಪಾಪ. ಟ್ಯಾಕ್ರೋಲಿಮಸ್‌ನಿಂದ ಪೊಟ್ಯಾಸಿಯಂ ಏರುವುದುಂಟು, ಅದೊಂದು ಸರಿಯಾಗಿದ್ದರೆ ಮುದ್ದೆ, ಮೊಸರು, ಸೊಪ್ಪಿನ ಸಾರು ಎಲ್ಲ ಆಗಬಹುದು. ಹಾಲು, ಮೊಸರು, ರಾಗಿ ಚೆನ್ನಾಗಿ ತಿನ್ನುತ್ತಿದ್ದರೆ ಪ್ರತ್ಯೇಕ ಕ್ಯಾಲ್ಷಿಯಂ ಮಾತ್ರೆ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಚಕ್ಕೋತ ಮಾತ್ರ ಬೇಡ. ದೇವನಹಳ್ಳಿಯ ಚಕ್ಕೋತ ಎಷ್ಟೇ ಹೆಸರುವಾಸಿ ಆಗಿರಲಿ, ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಿಬಿಡುತ್ತದೆ.

ಕೊನೆಗೆ ನಿಮ್ಮ ಅಮ್ಮ. ಅವರು ನಿಮ್ಮ ಸ್ಯಾಶೆ ತಗೊಳ್ಳುವುದನ್ನು ನಿಲ್ಲಿಸಿ. ಹೀಗೆ ಹಂಚಿಕೊಂಡರೆ ನಿಮ್ಮ ಲೆಕ್ಕವೂ ತಪ್ಪುತ್ತದೆ, ಅವರಿಗೆ ಎಷ್ಟು ಹೋಯಿತು ಅನ್ನುವುದೂ ತಿಳಿಯುವುದಿಲ್ಲ. ಕಿಡ್ನಿ ಕೊಟ್ಟವರಲ್ಲಿ ಕ್ಯಾಲ್ಸಿಟ್ರಿಯಾಲ್ ಸ್ವಲ್ಪ ಇಳಿದು ಪಿಟಿಎಚ್ ಸ್ವಲ್ಪ ಏರುವುದುಂಟು. ಮುಟ್ಟು ನಿಂತ ವಯಸ್ಸಿನವರಲ್ಲಿ ಮೂಳೆ ಸವೆತ ಬೇರೆ. ಅವರ ಬೆನ್ನು ನೋವಿಗೆ ಒಂದು ಎಕ್ಸ್‌ರೇ ಮಾಡಿಸಿ, ಎತ್ತರ ಮೊದಲಿಗಿಂತ ಕಡಿಮೆ ಆಗಿದೆಯಾ ಕೇಳಿ. ಕಿಡ್ನಿ ಕೊಟ್ಟವರು ವರ್ಷಕ್ಕೊಮ್ಮೆ ಬಿಪಿ, ಕ್ರಿಯೇಟಿನಿನ್, ಮೂತ್ರದ ಪ್ರೋಟೀನ್ ನೋಡಿಸಬೇಕು. ಆಪರೇಷನ್ ಆದ ಮೇಲೆ ಮನೆಯವರೆಲ್ಲ ಮಗನ ರಿಪೋರ್ಟನ್ನೇ ನೋಡುತ್ತಾರೆ, ತಾಯಿಯ ಪರೀಕ್ಷೆ ಮರೆತೇ ಹೋಗಿರುತ್ತದೆ. ಮುಂದಿನ ಸಲ ಫಾಲೋಅಪ್‌ಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಈ ಮೂರರ ಜೊತೆ ಕ್ಯಾಲ್ಷಿಯಂ, ವಿಟಮಿನ್ ಡಿ ಕೂಡ ಅವರ ಹೆಸರಲ್ಲೇ ಬರೆಸಿ. ನೋವಿಗೆ ಅವರೂ ನೋವಿನ ಮಾತ್ರೆ ನುಂಗುತ್ತಿದ್ದಾರಾ, ವಿಚಾರಿಸಿ. ಅವರಿಗೂ ಈಗ ಇರುವುದು ಒಂದೇ ಕಿಡ್ನಿ.